ಹುಲ್ಲು ಮೇಲೆ, ಮನುಷ್ಯ ಕೆಳಗೆ

“ಅಷ್ಟು ಮೇಲೆ ನೀರು ಎಲ್ಲಿಂದ ತರ್ತಾರೋ?”

ಅಮ್ಮ ಕೇಳಿದ ಮೊದಲ ಪ್ರಶ್ನೆ ಇದು. ನಾನು ಫೋನಿನಲ್ಲಿ ಫ್ರಾನ್ಸಿನ ಬೆಟ್ಟದ ಊರೊಂದರ ಹಿಮ, ಶಿಖರ, ಕಪ್ಪು ಮರದ ಮನೆಗಳು ಅಂತ ಉತ್ಸಾಹದಲ್ಲಿ ಒದರುತ್ತಿದ್ದೆ. ಅಮ್ಮನಿಗೆ ಅದು ಯಾವುದೂ ಬೇಕಿರಲಿಲ್ಲ. ಚಿಕ್ಕಮಗಳೂರು ಕಡೆಯ ಬೆಟ್ಟದ ಊರಲ್ಲಿ ಹುಟ್ಟಿ ಬೆಳೆದವಳು. ಬೆಟ್ಟ ನೋಡೋಕೆ ಚೆಂದ, ಇರೋಕೆ ಕಷ್ಟ ಅಂತ ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. “ನಮ್ಮ ಮುಳ್ಳಯ್ಯನಗಿರಿ ತುದಿ 1930 ಮೀಟರ್ ಅಲ್ವಾ? ಈ ಊರು ಇರೋದೇ 2040 ಮೀಟರ್‌ನಲ್ಲಿ ಅಮ್ಮ” ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಹಾಗಾದ್ರೆ ದನ ಎಲ್ಲಿ ಕಟ್ತಾರೆ?”

ಎರಡು ದಿನ ಆ ಊರಲ್ಲಿದ್ದೆ. ಎರಡು ದಿನವೂ ಅಮ್ಮನ ಪ್ರಶ್ನೆಗಳನ್ನು ಜೇಬಿನಲ್ಲಿ ಇಟ್ಟುಕೊಂಡೇ ಓಡಾಡಿದೆ. ಅವು ಇಲ್ಲದಿದ್ದರೆ ನಾನೂ ಎಲ್ಲರ ಹಾಗೆ ನಾಲ್ಕು ಫೋಟೋ ತೆಗೆದು, ಚೀಸ್ ತಿಂದು ಇಳಿದು ಬರುತ್ತಿದ್ದೆನೋ ಏನೋ.

ಊರಿನ ಹೆಸರು ಸೇಂಟ್ ವೆರಾನ್. ಫ್ರೆಂಚರು ಇದನ್ನು ಮೂಗಿನಲ್ಲಿ ಹೇಳುತ್ತಾರೆ, ನನ್ನ ಕೈಲಿ ಆಗಲಿಲ್ಲ. ಫ್ರಾನ್ಸಿನ ಆಗ್ನೇಯ ಮೂಲೆಯಲ್ಲಿ, ಇಟಲಿ ಗಡಿಗೆ ಒತ್ತಿಕೊಂಡು ಕೆರಾಸ್ ಅನ್ನುವ ಕಣಿವೆಗಳ ಸೀಮೆಯೊಂದಿದೆ. ಆ ಸೀಮೆಯ ಒಂದು ಇಳಿಜಾರಿನಲ್ಲಿ ಈ ಊರು. ಈಗ ವರ್ಷಪೂರ್ತಿ ಇರುವವರು ಇನ್ನೂರು ಚಿಲ್ಲರೆ ಜನ ಅಷ್ಟೇ.

ಅಕ್ಕ, ಭಾವ ಗ್ರೆನೋಬಲ್‌ನಲ್ಲಿದ್ದಾರೆ. ಸೆಪ್ಟೆಂಬರಿನಲ್ಲಿ ಅವರ ಕಾರಿನಲ್ಲೇ ಹೋದೆವು. ದಾರಿಯಲ್ಲಿ ಲೋತಾರೆ ಅನ್ನುವ ಘಟ್ಟದ ನೆತ್ತಿ ಸಿಗುತ್ತದೆ, 2058 ಮೀಟರ್. ಅಲ್ಲಿ ಕಾಫಿಗೆ ಅಂತ ಇಳಿದರೆ ಗಾಳಿ ಕಾರಿನ ಬಾಗಿಲನ್ನೇ ಕಿತ್ತುಕೊಳ್ಳುವ ಹಾಗೆ ಬೀಸುತ್ತಿತ್ತು. ಸುತ್ತ ಮರವಿಲ್ಲ, ಎದುರಿಗೆ ಹಿಮನದಿ. “ನಾವು ಹೋಗ್ತಿರೋ ಊರು ಇದಕ್ಕಿಂತ ಬರೀ ಹದಿನೆಂಟು ಮೀಟರ್ ಕೆಳಗಿದೆ” ಅಂದರು ಭಾವ. ನನಗೆ ವಾಪಸ್ ಹೋಗೋಣ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

ಆದರೆ ಸೇಂಟ್ ವೆರಾನ್‌ಗೆ ಬಂದು ಇಳಿದಾಗ ಬೇರೆಯೇ ಲೋಕ. ಮೈಮೇಲೆ ಬಿಸಿಲು. ಗಾಳಿ ಇದೆಯೋ ಇಲ್ಲವೋ ಅನ್ನುವಷ್ಟು. ಒಂದು ಬೆಕ್ಕು ಕಲ್ಲಿನ ಮೇಲೆ ಅಂಗಾತ ಬಿದ್ದುಕೊಂಡಿತ್ತು. ಎತ್ತರ ಒಂದೇ, ಆದರೆ ಜಾಗ ಒಂದೇ ಅಲ್ಲ. ಈ ಇಳಿಜಾರು ಬಿಸಿಲಿಗೆ ಮುಖ ಕೊಟ್ಟಿದೆ. ಮೋಡಗಳು ಪಶ್ಚಿಮದ ದೊಡ್ಡ ಪರ್ವತಗಳಿಗೆ ಡಿಕ್ಕಿ ಹೊಡೆದು ಅಲ್ಲೇ ಖಾಲಿಯಾಗುತ್ತವೆ. ಇಲ್ಲಿಗೆ ಬರುವುದು ಒಣ ಗಾಳಿ, ನೀಲಿ ಆಕಾಶ. ನಮ್ಮಲ್ಲಿ ಆಗುಂಬೆಗೆ ಮಳೆ ಸುರಿದು, ಘಟ್ಟದ ಮೂಡಲಿಗೆ ಹೋಗುತ್ತಾ ಹೋಗುತ್ತಾ ಒಣಗುತ್ತದಲ್ಲ, ಅದೇ ಲೆಕ್ಕ. ಕಣಿವೆಯ ಆಚೆ ಬದಿ ಅದೇ ಎತ್ತರದಲ್ಲಿದ್ದರೂ ಬರೀ ಕಾಡು. ಅಲ್ಲಿ ಒಂದು ಮನೆಯೂ ಇಲ್ಲ. ಚಳಿಗಾಲದ ಬಿಸಿಲು ಎಲ್ಲಿ ಬೀಳುತ್ತದೆ, ಎಲ್ಲಿ ಬೀಳುವುದಿಲ್ಲ ಅಂತ ನೋಡಿಯೇ ಊರು ಕಟ್ಟಿದ್ದಾರೆ.

ಹಾಗಾದರೆ ಕೆಳಗೆ ನದಿ ಪಕ್ಕ ಯಾಕೆ ಕಟ್ಟಲಿಲ್ಲ? 1957ರ ಜೂನಿನಲ್ಲಿ ಈ ಸೀಮೆಯ ಗಿಲ್ ನದಿ ಉಕ್ಕಿ ಬಂತು. ಕೆಳಗಿನ ಊರುಗಳ ಮನೆ, ಸೇತುವೆ, ರಸ್ತೆಗಳನ್ನು ಕಿತ್ತುಕೊಂಡು ಹೋಯಿತು. ಇಳಿಜಾರಿನ ಮೇಲಿದ್ದ ಸೇಂಟ್ ವೆರಾನ್ ಕೂತ ಜಾಗದಲ್ಲೇ ಕೂತಿತ್ತು. ಹಳಬರು ಎತ್ತರಕ್ಕೆ ಹೋಗಿದ್ದು ಹುಚ್ಚಿಗಲ್ಲ.

ಇನ್ನು ಅಮ್ಮನ ನೀರು. ಅದಕ್ಕೇನೂ ಬರವಿಲ್ಲ. ಬೆಟ್ಟದ ಒರತೆ ನೀರನ್ನು ಊರೊಳಗೆ ತಂದಿದ್ದಾರೆ. ಲಾರ್ಚ್ ಅನ್ನುವ ಮರದ ದಿಮ್ಮಿ ಕೊರೆದು ಮಾಡಿದ ಉದ್ದನೆಯ ತೊಟ್ಟಿಗಳು, ಅವುಗಳಿಗೆ ಹಗಲೂ ರಾತ್ರಿ ನೀರು ಬೀಳುತ್ತಲೇ ಇರುತ್ತದೆ. ಕೈ ಇಟ್ಟೆ, ಬೆರಳು ಜೋಮು ಹಿಡಿಯಿತು. ತೊಟ್ಟಿಯ ಅಂಚು ನೂರಾರು ಕೈ ತಗುಲಿ ನಯವಾಗಿತ್ತು, ನಮ್ಮ ಬಾವಿಕಟ್ಟೆಯಲ್ಲಿ ಹಗ್ಗ ಉಜ್ಜಿ ಕಲ್ಲು ಸವೆದಿರುತ್ತದಲ್ಲ ಹಾಗೆ. ಈ ಲಾರ್ಚ್ ಮರಕ್ಕೆ ರಾಳ ಜಾಸ್ತಿ, ನೀರಿನಲ್ಲಿದ್ದರೂ ಬೇಗ ಕೊಳೆಯುವುದಿಲ್ಲ. ಸೂಜಿ ಎಲೆಯ ಜಾತಿಯಾದರೂ ಚಳಿಗಾಲಕ್ಕೆ ಮುಂಚೆ ಎಲೆ ಉದುರಿಸುತ್ತದೆ. ಅಕ್ಟೋಬರಿನಲ್ಲಿ ಬೆಟ್ಟವೆಲ್ಲ ಅರಿಶಿನ ಬಣ್ಣಕ್ಕೆ ತಿರುಗುತ್ತದಂತೆ. ನಾವು ಒಂದು ತಿಂಗಳು ಮೊದಲೇ ಹೋಗಿದ್ದೆವು.

ಆಮೇಲೆ ದನ.

ಇಲ್ಲಿನ ಹಳೇ ಮನೆಗೆ ಎರಡು ಭಾಗ. ಕೆಳಗೆ ಕಲ್ಲಿನ ಗೋಡೆಯ ತಗ್ಗು ಕೋಣೆ. ಅದರ ಮೇಲೆ ಲಾರ್ಚ್ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿದ ದೊಡ್ಡ ಅಟ್ಟ. ಅದಕ್ಕೆ ಫ್ಯುಸ್ತ್ ಅಂತ ಹೆಸರು. ಕೆಳಗೆ ಮನುಷ್ಯರು, ದನ, ಕುರಿ ಎಲ್ಲರೂ ಒಟ್ಟಿಗೆ. ಮೇಲಿನ ಅಟ್ಟದ ತುಂಬ ಹುಲ್ಲು, ಧಾನ್ಯ. ಚಳಿಗಾಲ ಅಂದರೆ ಆರೇಳು ತಿಂಗಳು. ಅಷ್ಟೂ ದಿನ ದನದ ಮೈ ಬಿಸಿಯೇ ಮನೆಗೆ ಹೀಟರ್. ತಲೆಯ ಮೇಲಿರುವ ಹುಲ್ಲು ಆ ಬಿಸಿಯನ್ನು ಹೊರಗೆ ಬಿಡುವುದಿಲ್ಲ. ಹುಲ್ಲು ಖಾಲಿಯಾಗುವ ಹೊತ್ತಿಗೆ ಚಳಿಯೂ ಕಮ್ಮಿಯಾಗಿರುತ್ತದೆ. ಅಂಥ ಒಂದು ಮನೆಯನ್ನು ಈಗ ಮ್ಯೂಸಿಯಂ ಮಾಡಿದ್ದಾರೆ. 1970ರ ದಶಕದವರೆಗೂ ಒಂದು ಕುಟುಂಬ ಅದರಲ್ಲಿ ಹೀಗೇ ದನಗಳ ಜೊತೆ ಬದುಕಿತ್ತು. ಒಳಗೆ ಹೋದರೆ ಹಾಸಿಗೆಯಿಂದ ಗೋದಲಿಗೆ ನಾಲ್ಕು ಹೆಜ್ಜೆ. ಜೊತೆಗಿದ್ದ ಪ್ರವಾಸಿಗರು ಮೂಗು ಮುರಿಯುವುದು ಕಂಡು ನನಗೆ ನಗು ಬಂತು. ನಮ್ಮ ಅಜ್ಜಿ ಮನೆಯಲ್ಲೂ ನಡುಮನೆ ದಾಟಿದರೆ ಕೊಟ್ಟಿಗೆ, ರಾತ್ರಿ ಎಮ್ಮೆ ಉಸಿರು ಬಿಡುವುದು ಕೇಳಿಸುತ್ತಿತ್ತು.

ಅಮ್ಮನಿಗೆ ಇದನ್ನು ಹೇಳಿದಾಗ ದನದ ವಿಷಯ ಅವಳಿಗೆ ಸಹಜವಾಗಿಯೇ ಕಂಡಿತು. ತಲೆ ಕೆಟ್ಟಿದ್ದು ಹುಲ್ಲಿನ ವಿಷಯಕ್ಕೆ.

“ಹುಲ್ಲು ಮನೆ ಮೇಲಾ? ಒಲೆ ಕೆಳಗಾ? ಬೆಂಕಿ ಬಿದ್ರೆ?”

ನೋಡಿ, ಇದು ಬಣವೆ ಕಂಡವರು ಕೇಳುವ ಪ್ರಶ್ನೆ. ನಮ್ಮ ಕಡೆ ಬಣವೆಯನ್ನು ಯಾವತ್ತೂ ಮನೆಗೆ ಒತ್ತಿ ಹಾಕುವುದಿಲ್ಲ. ಕಣದಲ್ಲೋ ಹಿತ್ತಲಿನ ಕೊನೆಯಲ್ಲೋ ಒಟ್ಟುತ್ತಾರೆ. ಕಿಡಿ ಹಾರಿದರೂ ಮನೆ ಉಳಿಯಲಿ ಅಂತ. ಇಲ್ಲಿ ಹುಲ್ಲನ್ನು ದೂರ ಇಡುವ ಹಾಗಿಲ್ಲ. ಹೊರಗೆ ಇಟ್ಟರೆ ಹಿಮದಡಿ ಹೋಯಿತು. ಹಾಗಾಗಿ ಹುಲ್ಲು ಮನೆಯ ಮೇಲೆಯೇ ಇರಬೇಕು. ಮನೆಯೂ ಮರದ್ದು, ಸೂರೂ ಮರದ ಹಲಗೆಯದ್ದು. ಒಂದು ಮನೆ ಹತ್ತಿದರೆ ಸಾಲು ಹತ್ತುತ್ತದೆ.

ಅದಕ್ಕೆ ಅವರು ಏನು ಮಾಡಿದರು ಗೊತ್ತಾ? ಊರನ್ನೇ ತುಂಡು ಮಾಡಿದರು.

ಮೊದಲ ದಿನ ನನಗೆ ಇದು ಕಂಡಿರಲೇ ಇಲ್ಲ. ಬೀದಿಯಲ್ಲಿ ನಡೆಯುತ್ತಾ ಹೋದರೆ ಮನೆಗಳ ಒಂದು ಗುಂಪು, ಆಮೇಲೆ ಇದ್ದಕ್ಕಿದ್ದಂತೆ ಖಾಲಿ ಇಳಿಜಾರು, ಹುಲ್ಲು, ಮತ್ತೆ ಮನೆಗಳು. ಯಾರದೋ ಜಮೀನಿರಬೇಕು, ಮಾರಿಲ್ಲ ಅಂದುಕೊಂಡೆ. ಎರಡನೇ ದಿನ ಎದುರಿನ ದಾರಿಯಲ್ಲಿ ಸ್ವಲ್ಪ ದೂರ ಹೋಗಿ ತಿರುಗಿ ನೋಡಿದಾಗ ಇಡೀ ಊರು ಒಂದೇ ನೋಟಕ್ಕೆ ಸಿಕ್ಕಿತು. ಮಣಿ ಸರದಲ್ಲಿ ಅಲ್ಲಲ್ಲಿ ದಾರ ಕಾಣುತ್ತದಲ್ಲ, ಹಾಗೆ. ಪಿಯರ್ ಬೆಲ್, ವಿಲಾರ್, ಶಾತ್ಲೆ ಅಂತ ಒಂದೊಂದು ಕೇರಿಗೂ ಹೆಸರು. ಕೇರಿಗೂ ಕೇರಿಗೂ ಮಧ್ಯೆ ಬೇಕಂತಲೇ ಬಿಟ್ಟ ಜಾಗ. ಅಲ್ಲಿ ಯಾರೂ ಮನೆ ಕಟ್ಟುವ ಹಾಗಿಲ್ಲ. ಬೆಂಕಿ ಬಿದ್ದರೆ ಒಂದು ಕೇರಿ ಹೋಗಲಿ, ಊರು ಉಳಿಯಲಿ ಅನ್ನುವ ಲೆಕ್ಕಾಚಾರ. ಕೇಳೋಕೆ ಕಠೋರ. ಆದರೆ ಕೇರಿಗೊಂದು ನೀರಿನ ತೊಟ್ಟಿ, ಕೇರಿಗೊಂದು ರೊಟ್ಟಿ ಸುಡುವ ದೊಡ್ಡ ಗೂಡೊಲೆ ಯಾಕಿದೆ ಅಂತಲೂ ಆಗಲೇ ಗೊತ್ತಾಗಿದ್ದು. ತುಂಡಾದ ಪ್ರತಿ ಭಾಗವೂ ತನ್ನಷ್ಟಕ್ಕೆ ಒಂದು ಊರು.

ಇಲ್ಲಿಗೆ ಬಂದವರೆಲ್ಲ ಮನೆಗಳ ಫೋಟೋ ತೆಗೆಯುತ್ತಾರೆ. ನಾನೂ ತೆಗೆದೆ. ಆದರೆ ಈ ಊರಿನ ಜಾಣತನ ಇರುವುದು ಆ ಖಾಲಿ ಜಾಗದಲ್ಲಿ ಅಂತ ನನಗೆ ಈಗಲೂ ಅನ್ನಿಸುತ್ತದೆ. ಬಿಸಿಲು ಬೀಳುವ, ನೀರು ಹತ್ತಿರವಿರುವ, ಇಷ್ಟೇ ಇಷ್ಟು ಒಳ್ಳೆ ನೆಲ ಇದ್ದಾಗ ಅದರಲ್ಲೇ ಒಂದಿಷ್ಟನ್ನು ಎಲ್ಲರೂ ಸೇರಿ ಬಿಡುವುದು, ನೂರಾರು ವರ್ಷ ಬಿಟ್ಟೇ ಇರುವುದು, ಸುಮ್ನೆ ಮಾತಲ್ಲ. ನಮ್ಮ ಬೀದಿಯಲ್ಲಿ ಚರಂಡಿಗೆ ಅಂತ ಬಿಟ್ಟ ಮೂರಡಿ ಉಳಿದಿಲ್ಲ.

ಗೂಡೊಲೆಯ ಕತೆ ಇನ್ನೂ ಇದೆ. ಇಷ್ಟು ಎತ್ತರದಲ್ಲಿ ಅವರು ಬೆಳೆಯುತ್ತಿದ್ದುದು ರೈ ಅನ್ನುವ ಧಾನ್ಯ, ಗೋಧಿಯ ಬಡ ನೆಂಟ. ಒಂದು ಬೇಸಿಗೆಯ ಕೊನೆಗೆ ಬಿತ್ತಿದರೆ ಮುಂದಿನ ಬೇಸಿಗೆಯ ಕೊನೆಗೆ ಕೊಯ್ಲು. ಹದಿಮೂರು ತಿಂಗಳು ಬೇಕು! ಅಂದರೆ ಈ ವರ್ಷದ ಪೈರು ಕೊಯ್ಯುವುದರೊಳಗೆ ಮುಂದಿನ ವರ್ಷದ್ದನ್ನು ಬೇರೆ ಹೊಲದಲ್ಲಿ ಬಿತ್ತಿ ಆಗಿರಬೇಕು. ಇಷ್ಟಾದರೂ ತೆನೆ ಪೂರ್ತಿ ಒಣಗುವ ಮೊದಲೇ ಚಳಿ ಬಂದುಬಿಡುತ್ತದೆ. ಅದಕ್ಕೇ ಫ್ಯುಸ್ತ್‌ಗಳ ಮುಂದೆ ಉದ್ದಕ್ಕೂ ಮರದ ಜಗಲಿಗಳು. ನಾನು ಅವನ್ನು ಬಾಲ್ಕನಿ ಅಂದುಕೊಂಡಿದ್ದೆ. ಅವು ಕುಳಿತು ಬೆಟ್ಟ ನೋಡುವುದಕ್ಕಲ್ಲ, ಸಿವುಡು ಒಣಗಿಸುವುದಕ್ಕೆ. ಕೊಯ್ದ ತೆನೆಯನ್ನು ಅಲ್ಲಿ ಹರಡಿ ಉಳಿದ ಬಿಸಿಲು ತಿನ್ನಿಸುತ್ತಿದ್ದರು.

ಕಟ್ಟಿಗೆ ಉಳಿಸಬೇಕಲ್ಲ, ಹಾಗಾಗಿ ದೊಡ್ಡ ಒಲೆ ಹಚ್ಚುವುದು ವರ್ಷಕ್ಕೆ ಒಂದೋ ಎರಡೋ ಸಲ. ಕೇರಿಯವರೆಲ್ಲ ಸರದಿಯಲ್ಲಿ ಬಂದು ತಿಂಗಳುಗಟ್ಟಲೆಯ ರೊಟ್ಟಿಯನ್ನು ಒಟ್ಟಿಗೆ ಸುಟ್ಟು ಅಟ್ಟಕ್ಕೆ ಏರಿಸುತ್ತಿದ್ದರು. ಅದು ಒಣಗಿ ಕಲ್ಲಾಗುತ್ತಿತ್ತು. ಮಾಮೂಲಿ ಚಾಕು ಹಿಡಿಯುವುದಿಲ್ಲ. ಮ್ಯೂಸಿಯಂನಲ್ಲಿ ಅದಕ್ಕೆ ಅಂತಲೇ ಮಾಡಿದ ಸಾಧನ ಇದೆ: ದಪ್ಪ ಮಣೆ, ಅದರ ಒಂದು ತುದಿಗೆ ಕೊಂಡಿ ಹಾಕಿ ಕೂರಿಸಿದ ಉದ್ದನೆಯ ಅಲಗು. ಹಿಡಿ ಹಿಡಿದು ಮೈಭಾರವೆಲ್ಲ ಬಿಟ್ಟು ಒತ್ತಬೇಕು. ನಮ್ಮ ಈಳಿಗೆಮಣೆಯ ದಾಯಾದಿ ಅನ್ನಿ. ನಮ್ಮದರಲ್ಲಿ ಅಲಗು ಅಲ್ಲಾಡುವುದಿಲ್ಲ, ತರಕಾರಿ ಅಲ್ಲಾಡುತ್ತದೆ. ಇಲ್ಲಿ ಉಲ್ಟಾ.

ಊರ ಗೋಡೆಗಳ ಮೇಲೆ ಸೂರ್ಯ ಗಡಿಯಾರಗಳ ಚಿತ್ರಗಳಿವೆ. 19ನೇ ಶತಮಾನದಲ್ಲಿ ಜರ್ಬೂಲಾ ಅನ್ನುವ ಇಟಲಿಯ ಕಡೆಯವನೊಬ್ಬ ಈ ಕಣಿವೆಗಳಲ್ಲಿ ಊರೂರು ಸುತ್ತಿ ಗೋಡೆಗೆ ಹಕ್ಕಿ, ಹೂವು, ಗಂಟೆಯ ಗೀಟು ಬರೆದುಕೊಟ್ಟು ಹೋದ. ಒಂದರ ಮುಂದೆ ನಿಂತು ವಾಚು ನೋಡಿದೆ. ವಾಚಿನಲ್ಲಿ ಮೂರೂವರೆ, ಗೋಡೆಯ ಮೇಲೆ ಎರಡು. ಕೆಟ್ಟಿದೆ ಅಂದೆ. ಭಾವ ನಕ್ಕರು. ಕೆಟ್ಟಿರುವುದು ವಾಚು. ಬೇಸಿಗೆಯಲ್ಲಿ ಫ್ರಾನ್ಸ್ ತನ್ನ ಗಡಿಯಾರವನ್ನು ಸೂರ್ಯನಿಗಿಂತ ಅಷ್ಟು ಮುಂದೆ ಇಟ್ಟುಕೊಂಡಿರುತ್ತದೆ. ಗೋಡೆ ಮಾತ್ರ ಈ ಜಾಗದ ನಿಜವಾದ ಹೊತ್ತನ್ನು ಹೇಳುತ್ತಿದೆ.

ಇಂಥ ಮೂಲೆಯ ಊರು ಅಂದರೆ ಅನಕ್ಷರಸ್ಥರು, ಯಾರದೋ ಒಡೆತನದಲ್ಲಿ ಬಾಗಿ ನಡೆದವರು ಅಂತ ನಾನು ಅಂದುಕೊಂಡಿದ್ದೆ. ಪೂರಾ ತಪ್ಪು. 1343ರಲ್ಲಿ ಈ ಸೀಮೆಯ ಒಡೆಯ ಎರಡನೇ ಉಂಬೇರ್‌ಗೆ ಕೈ ಖಾಲಿಯಾಗಿತ್ತು. ಅವನ ಬಿರುದು ದೋಫಾನ್, ಹಾಗೆಂದರೆ ಡಾಲ್ಫಿನ್. ಬೆಟ್ಟದ ಒಡೆಯನಿಗೆ ಮೀನಿನಂಥ ಹೆಸರು! ಇಲ್ಲಿನ ಜನ ದುಡ್ಡು ಒಟ್ಟುಮಾಡಿ ಅವನಿಗೆ ಕೊಟ್ಟರು. ಬದಲಿಗೆ ಒಂದು ಸನ್ನದು ಬರೆಸಿಕೊಂಡರು. ವರ್ಷಕ್ಕೆ ಇಷ್ಟು ಕಪ್ಪ ಅಂತ ಕೊಡುತ್ತೇವೆ, ಅದನ್ನು ಯಾರ ಮೇಲೆ ಎಷ್ಟು ಹಾಕಬೇಕು ಅನ್ನುವುದು ನಮಗೆ ಬಿಟ್ಟಿದ್ದು. ನಮ್ಮ ಮುಖಂಡರನ್ನು ನಾವೇ ಆರಿಸಿಕೊಳ್ಳುತ್ತೇವೆ. ಅರಮನೆಯ ತೆರಿಗೆ ಅಧಿಕಾರಿ ಬೆಟ್ಟ ಹತ್ತಿ ಬರಬೇಕಾಗಿಲ್ಲ. ಆರು ವರ್ಷದಲ್ಲಿ, 1349ಕ್ಕೆ, ಉಂಬೇರ್ ತನ್ನ ಇಡೀ ಸೀಮೆಯನ್ನೇ ಫ್ರಾನ್ಸಿನ ರಾಜಮನೆತನಕ್ಕೆ ಮಾರಿದ. ಸನ್ನದು ಮಾತ್ರ ಉಳಿಯಿತು.

ಹೀಗೆ ಹುಟ್ಟಿದ ಕೂಟಗಳಿಗೆ ಎಸ್ಕಾರ್ತೋನ್ ಅಂತ ಹೆಸರು. ಆ ಪದದ ಬೇರಿನಲ್ಲೇ ತೆರಿಗೆ ಹಂಚಿಕೊಳ್ಳುವುದು ಅನ್ನುವ ಅರ್ಥ ಇದೆ. ಒಟ್ಟು ಐದು ಎಸ್ಕಾರ್ತೋನ್‌ಗಳು. ಪರ್ವತದ ಆಚೆ ಬದಿಯವೂ ಅದರಲ್ಲಿದ್ದವು. 1713ರ ಉಟ್ರೆಕ್ಟ್ ಒಪ್ಪಂದದಲ್ಲಿ ರಾಜರು ಶಿಖರದ ಮೇಲೆ ಗೀಟು ಎಳೆದು ಆಚೆಯ ಮೂರನ್ನು ಸವಾಯ್ ದೊರೆಗೆ ಕೊಟ್ಟುಬಿಟ್ಟರು. ಉಳಿದವು ಫ್ರೆಂಚ್ ಕ್ರಾಂತಿಯವರೆಗೂ ನಡೆದವು.

ಕೆರಾಸ್ ಎಸ್ಕಾರ್ತೋನ್‌ನಲ್ಲಿ ಏಳು ಊರು, ಸೇಂಟ್ ವೆರಾನ್ ಅದರಲ್ಲೊಂದು. ಅವರ ದಾಖಲೆಗಳನ್ನು ಇಡುತ್ತಿದ್ದ ಕಪಾಟು ಕೆಳಗಿನ ವಿಲ್ ವಿಯೆಯ್ ಊರಲ್ಲಿದೆ. ಅದಕ್ಕೆ ಎಂಟು ಬೀಗ. ಏಳು ಊರಿಗೆ ಏಳು ಕೀಲಿ, ಕೂಟದ ಕಾರ್ಯದರ್ಶಿಗೆ ಒಂದು. ಎಂಟೂ ಜನ ಬರದೆ ಕಪಾಟು ತೆರೆಯುವುದಿಲ್ಲ. ಅಕ್ಕ ಇದನ್ನು ಕೇಳಿ, “ನಮ್ಮ ಅಪಾರ್ಟ್‌ಮೆಂಟ್ ಕಮಿಟಿಗೆ ಇಂಥದ್ದೊಂದು ಮಾಡಿಸ್ಬೇಕು” ಅಂದಳು. ಪರಸ್ಪರ ನಂಬಿಕೆ ಇದ್ದಿದ್ದರಿಂದ ಒಟ್ಟಿಗೆ ಬಾಳಿದರು ಅಂತ ಹೇಳಿದರೆ ಅದು ಕತೆ. ನಂಬಿಕೆ ಎಷ್ಟು ಕಮ್ಮಿ ಅಂತ ಗೊತ್ತಿದ್ದೇ ಎಂಟು ಬೀಗ ಹಾಕಿದರು. ಕೇರಿಗಳ ಮಧ್ಯದ ಖಾಲಿ ಜಾಗವೂ ಇದೇ ಜಾತಿಯದ್ದು ಅನ್ನಿಸುತ್ತದೆ. ಪಕ್ಕದವನ ಒಲೆಯನ್ನು ನಂಬಬೇಡ, ಜಾಗ ಬಿಡು.

ಲೆಕ್ಕ, ದಾಖಲೆ, ಸನ್ನದು ಅಂದರೆ ಓದು ಬರಹ ಬೇಕಲ್ಲ. ಚಳಿಗಾಲದಲ್ಲಿ ಬೇರೇನು ಕೆಲಸ? ಕೊಟ್ಟಿಗೆಯ ಬೆಚ್ಚಗಿನಲ್ಲಿ ಪಾಠ. ಈ ಸೀಮೆ ಎಷ್ಟು ಮೇಷ್ಟರನ್ನು ಬೆಳೆಸಿತು ಅಂದರೆ ಅವರು ಸಂತೆಗೆ ಹೋಗಿ ಕೂಲಿಗೆ ನಿಲ್ಲುವ ಹಾಗೆ ನಿಂತು, ಒಂದು ಚಳಿಗಾಲಕ್ಕೆ ಇಷ್ಟು ಅಂತ ಬೇರೆ ಊರಿಗೆ ಪಾಠ ಹೇಳಲು ಹೋಗುತ್ತಿದ್ದರು. ಟೋಪಿಯಲ್ಲಿ ಹಕ್ಕಿಯ ಗರಿ ಸಿಕ್ಕಿಸಿಕೊಳ್ಳುವುದು ಪದ್ಧತಿ. ಒಂದು ಗರಿ ಅಂದರೆ ಓದು ಬರಹ ಕಲಿಸುತ್ತೇನೆ. ಎರಡು ಅಂದರೆ ಜೊತೆಗೆ ಲೆಕ್ಕ. ಮೂರು ಅಂದರೆ ಲ್ಯಾಟಿನ್ ಕೂಡ.

ಓದು ಬಂದಲ್ಲಿ ಬೈಬಲ್ಲನ್ನು ತಾವೇ ಓದುವ ಪ್ರೊಟೆಸ್ಟೆಂಟರೂ ಬಂದರು. 1685ರಲ್ಲಿ ಹದಿನಾಲ್ಕನೇ ಲೂಯಿ ಅವರ ಪಂಥವನ್ನು ನಿಷೇಧಿಸಿದಾಗ ಬಹಳ ಜನ ಘಟ್ಟ ದಾಟಿ ಊರು ಬಿಟ್ಟರು. ಆದರೂ ಪೂರ್ತಿ ಹೋಗಲಿಲ್ಲ. ಇವತ್ತು ಈ ಪುಟ್ಟ ಊರಲ್ಲಿ ಕ್ಯಾಥಲಿಕ್ ಚರ್ಚೂ ಇದೆ, ಪ್ರೊಟೆಸ್ಟೆಂಟರ ಗುಡಿಯೂ ಇದೆ.

ಊರಿಗೆ ಹೆಸರು ಬಂದಿದ್ದು ಒಬ್ಬ ಸಂತನಿಂದ. ವೆರಾನ್ ಅಂದರೆ 6ನೇ ಶತಮಾನದ ಒಬ್ಬ ಬಿಷಪ್, ದೂರದ ಕಾವಯೋನ್ ಪಟ್ಟಣದವನು. ಅವನು ಒಂದು ಘಟಸರ್ಪವನ್ನು ಗಾಯಗೊಳಿಸಿದನಂತೆ. ಅದು ಆಲ್ಪ್ಸ್ ಕಡೆ ಹಾರಿತಂತೆ. ದಾರಿಯುದ್ದಕ್ಕೂ ರಕ್ತದ ಹನಿ ಬಿದ್ದವಂತೆ. ಆ ಹನಿ ಬಿದ್ದ ಜಾಗಗಳು ಯಾವುವು ಗೊತ್ತಾ? ಬೇಸಿಗೆಯಲ್ಲಿ ಕುರಿ ಹೊಡೆದುಕೊಂಡು ಬಯಲಿನಿಂದ ಬೆಟ್ಟಕ್ಕೆ ಬರುವವರು ರಾತ್ರಿ ತಂಗುತ್ತಿದ್ದ ನಿಲ್ದಾಣಗಳು. ಕುರಿ ಕಾಯುವವರು ತಮ್ಮ ದಾರಿಯ ನಕ್ಷೆಯನ್ನು ಕತೆಯಲ್ಲಿ ಬಚ್ಚಿಟ್ಟರು. ನನಗೆ ಈ ಘಟಸರ್ಪ ಬಹಳ ಹಿಡಿಸಿತು.

ಎರಡನೇ ದಿನ ಮಧ್ಯಾಹ್ನ ಕಣಿವೆಯ ಮೇಲ್ತುದಿ ಕಡೆ ನಡೆದೆವು. ಹಳೇ ತಾಮ್ರದ ಗಣಿ ಇರುವುದು ಆ ಕಡೆಯೇ. ಹೆಚ್ಚುಕಡಿಮೆ 4000 ವರ್ಷದ ಹಿಂದೆ, ಕಂಚಿನ ಯುಗದಲ್ಲಿ, ಜನ ಇಷ್ಟು ಎತ್ತರಕ್ಕೆ ಬಂದು ಅದಿರು ತೆಗೆದಿದ್ದಾರೆ. ಬಂಡೆಗೆ ಬೆಂಕಿ ಹಾಕಿ ಕಾಯಿಸಿ, ಬಿರುಕು ಬಿಟ್ಟ ಮೇಲೆ ಒಡೆಯುವುದು ಅವರ ವಿದ್ಯೆ. ನಮ್ಮ ಕಡೆ ಕಲ್ಲು ಕೆಲಸದವರಿಗೂ ಈ ವಿದ್ಯೆ ಗೊತ್ತು. ದಾರಿಯ ಕಲ್ಲುಗಳಲ್ಲಿ ಕೆಲವು ಹಾವಿನ ಮೈಯಂತೆ ಹಸಿರು, ನುಣುಪು. ಅವು ಬೆಟ್ಟದ ಕಲ್ಲಲ್ಲ, ಸಮುದ್ರದ ಕಲ್ಲು. ಯೂರೋಪು, ಆಫ್ರಿಕಾ ಕಡೆಯ ನೆಲಗಳು ಒಂದಕ್ಕೊಂದು ಒತ್ತಿ ಆಲ್ಪ್ಸ್ ಎದ್ದಾಗ, ಮಧ್ಯದಲ್ಲಿದ್ದ ಸಮುದ್ರದ ತಳವೂ ಮಡಚಿ ಮೇಲೆ ಬಂತು. ಒಂದು ಹಸಿರು ಕಲ್ಲನ್ನು ಜೇಬಿಗೆ ಹಾಕಿಕೊಳ್ಳೋಣ ಅಂದುಕೊಂಡೆ. ಇದು ರಕ್ಷಿತ ಪ್ರದೇಶ ಅಂತ ಭಾವ ಕಣ್ಣು ಬಿಟ್ಟರು. ವಾಪಸ್ ಇಟ್ಟೆ.

ಯೂರೋಪಿನಲ್ಲೇ ಅತಿ ಎತ್ತರದ ಊರು ನಮ್ಮದು ಅಂತ ಇಲ್ಲಿನವರು ಹೇಳಿಕೊಳ್ಳುತ್ತಾರೆ. ಸ್ವಿಟ್ಜರ್ಲೆಂಡಿನಲ್ಲಿ ಯುಫ್ ಅಂತ ಒಂದಿದೆ, 2126 ಮೀಟರ್. ಆದರೆ ಅದು ಹಳ್ಳಿಯ ಒಂದು ಕೊಪ್ಪಲು, ಸ್ವಂತ ಪಂಚಾಯಿತಿ ಇಲ್ಲ ಅನ್ನುವುದು ಇವರ ವಾದ. ಇವರ ಹಳೇ ಹೆಮ್ಮೆಯ ಮಾತು ಬೇರೆ ಇದೆ: ದೇವರ ರೊಟ್ಟಿ, ಅಂದರೆ ಚರ್ಚಿನ ಪ್ರಸಾದ, ತಿನ್ನುವ ಊರುಗಳಲ್ಲಿ ಇದೇ ಎಲ್ಲಕ್ಕಿಂತ ಎತ್ತರ. ಇನ್ನೊಂದು ಮಾತು ನನಗೆ ಇನ್ನೂ ಇಷ್ಟ: ಇಲ್ಲಿ ಕೋಳಿಗಳು ನಕ್ಷತ್ರಗಳನ್ನು ಕುಕ್ಕಿ ತಿನ್ನುತ್ತವೆ. 1974ರಲ್ಲಿ ಪ್ಯಾರಿಸ್ ವೀಕ್ಷಣಾಲಯದವರು ಊರ ಮೇಲಿನ ಶಿಖರದಲ್ಲಿ ದೂರದರ್ಶಕ ಇಟ್ಟಾಗ ಈ ಕೋಳಿಗಳ ಮಾತೇ ನಿಜವಾಯಿತು. ಈಗ ಹವ್ಯಾಸಿಗಳು ಅಲ್ಲಿ ರಾತ್ರಿಯೆಲ್ಲ ಕೂತು ಆಕಾಶ ನೋಡುತ್ತಾರೆ.

ರೈ ಬೆಳೆಯುವುದು ನಿಂತಿದೆ. ಎರಡು ಶತಮಾನದ ಹಿಂದೆ ಈಗಿನದರ ಮೂರು ಪಟ್ಟಿಗಿಂತ ಜಾಸ್ತಿ ಜನ ಇದ್ದರು. ಪೇಟೆ, ಕಾರ್ಖಾನೆ, ಯುದ್ಧ, ಒಂದೊಂದೂ ಒಂದಿಷ್ಟು ಜನರನ್ನು ಇಳಿಸಿಕೊಂಡು ಹೋಯಿತು. ಈಗ ಊರು ನಡೆಯುವುದು ಸ್ಕೀ ಆಡಲು ಬರುವವರಿಂದ, ಬೇಸಿಗೆಯಲ್ಲಿ ನಮ್ಮಂಥವರಿಂದ.

ನಾವು ಉಳಿದಿದ್ದ ಮನೆಯೂ ಒಂದು ಹಳೇ ಫ್ಯುಸ್ತ್. ನನ್ನದು ಮೇಲಿನ ಕೋಣೆ. ಕಪ್ಪು ದಿಮ್ಮಿಗಳ ಗೋಡೆ, ರಾಳದ ವಾಸನೆ, ಗೋಡೆ ಕೊರೆದು ಹೊಸದಾಗಿ ಕೂರಿಸಿದ ಗಾಜಿನ ಕಿಟಕಿ, ಹೀಟರ್. ರಾತ್ರಿ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ಎಲ್ಲ ತೋರಿಸಿದೆ. ಅವಳು ಸೂರಿನ ತೊಲೆಗಳನ್ನೇ ನೋಡುತ್ತಿದ್ದಳು.

“ಹುಲ್ಲು ಎಲ್ಲೋ?”

“ಈಗ ಹುಲ್ಲು ಇಲ್ಲ ಅಮ್ಮ. ಇದು ಹುಲ್ಲು ಒಟ್ತಿದ್ದ ಜಾಗ. ಈಗ ರೂಮ್ ಮಾಡಿದ್ದಾರೆ.”

“ಒಂದು ರಾತ್ರಿಗೆ ಎಷ್ಟು?”

ಹೇಳಿದೆ. ಅಮ್ಮ ಮನಸ್ಸಲ್ಲೇ ರೂಪಾಯಿಗೆ ಲೆಕ್ಕ ಹಾಕಿದಳು.

“ಅಷ್ಟು ದುಡ್ಡು ತಗೊಂಡು ನಿನ್ನ ಅಟ್ಟದಲ್ಲಿ ಮಲಗಿಸಿದ್ರಾ?” ಅಂದಳು. ಆಮೇಲೆ, “ಬೆಚ್ಚಗಿದ್ಯಾ?”